ಪಿಯಾನೋ ಕಟ್ಟಿದವರು ಕಟ್ಟಿದ ಊರು



ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದ. ನಮ್ಮ ದೇಶದ 2013ರ ಕಂಪನಿ ಕಾಯ್ದೆಯಂತೆ, ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನಾದರೂ ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಆ ಹಣವನ್ನು ಯಾವ ಶಾಲೆಗೆ, ಯಾವ ಆಸ್ಪತ್ರೆಗೆ ಕೊಡಬೇಕೆಂದು ಪಟ್ಟಿ ಮಾಡುವ ಕೆಲಸ ಅವನ ಪಾಲಿಗೆ ಬಂದಿದೆ. "ಮೇಷ್ಟ್ರೇ, ಕಾನೂನು ಹೇಳುವುದಕ್ಕೆ ಮೊದಲೂ ವ್ಯಾಪಾರಸ್ಥರು ಹೀಗೆ ಕೊಡುತ್ತಿದ್ದರೇ? ಕೊಟ್ಟಿದ್ದರೆ ಅದು ದಾನವೋ, ಜಾಹೀರಾತೋ?" ಎಂಬುದು ಅವನ ಪ್ರಶ್ನೆ. ಇಂಥ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದು ಮಾತಿನ ಉತ್ತರ ಸಾಲದು. ನಾಲ್ಕು ದಶಕ ಚರಿತ್ರೆಯನ್ನು ಬೋಧಿಸಿದವನಿಗೆ ಉದಾಹರಣೆಯಿಲ್ಲದೆ ಉತ್ತರಿಸುವ ಅಭ್ಯಾಸವೂ ಇಲ್ಲ. ಆದ್ದರಿಂದ ಒಂದು ಉದಾಹರಣೆಯನ್ನು ಎತ್ತಿಕೊಂಡಿದ್ದೇನೆ. ಅದು ಪಿಯಾನೋ ತಯಾರಿಸುವ ಸ್ಟೈನ್‌ವೇ ಕಂಪನಿ ನ್ಯೂಯಾರ್ಕಿನಲ್ಲಿ ಕಟ್ಟಿದ ಊರಿನ ಕಥೆ.

ಸಂಗೀತವಾದ್ಯದ ಕಂಪನಿಯೇ ಏಕೆ ಎಂದು ನೀವು ಕೇಳಬಹುದು. ಕಬ್ಬಿಣ, ಕಲ್ಲಿದ್ದಲು, ತೈಲಗಳಲ್ಲಿ ಸಂಪತ್ತು ಗಳಿಸಿದವರ ದಾನದ ಕಥೆಗಳನ್ನು ಎಲ್ಲರೂ ಬಲ್ಲರು. ವಾದ್ಯ ಮಾಡುವವನ ಸ್ಥಿತಿ ಸ್ವಲ್ಪ ಬೇರೆ. ಅವನ ಸರಕು ಮಾರಾಟವಾಗಬೇಕಾದರೆ ಊರಿನಲ್ಲಿ ಸಂಗೀತವಿರಬೇಕು, ಸಂಗೀತ ಕಲಿಸುವವರಿರಬೇಕು, ಕೇಳುವವರಿರಬೇಕು. ಹೀಗಾಗಿ ಅವನು ಸಮಾಜಕ್ಕೆ ಕೊಡುವುದರಲ್ಲಿ ಔದಾರ್ಯವೂ ಸ್ವಾರ್ಥವೂ ಹಾಲುನೀರಿನಂತೆ ಬೆರೆತಿರುತ್ತವೆ. ಹಂಸಕ್ಷೀರ ನ್ಯಾಯವನ್ನು ಪ್ರಯೋಗಿಸಲು ಇದಕ್ಕಿಂತ ಉತ್ತಮ ಪಾತ್ರೆ ಸಿಗಲಾರದು.

ಮೊದಲು ಮನೆತನದ ಪರಿಚಯ. ಹೈನ್ರಿಖ್ ಎಂಗೆಲ್‌ಹಾರ್ಡ್ ಸ್ಟೈನ್‌ವೆಗ್ ಎಂಬಾತ 1797ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ವೋಲ್ಫ್ಸ್‌ಹಾಗೆನ್ ಎಂಬ ಹಳ್ಳಿಯಲ್ಲಿ ಜನಿಸಿದ. ಮರಗೆಲಸದಲ್ಲಿ ನುರಿತ ಈತ ಸೇಸೆನ್ ಪಟ್ಟಣದಲ್ಲಿ ನೆಲೆಸಿ, 1836ರಲ್ಲಿ ತನ್ನ ಮನೆಯ ಅಡುಗೆಮನೆಯಲ್ಲಿಯೇ ಮೊದಲ ಗ್ರ್ಯಾಂಡ್ ಪಿಯಾನೋವನ್ನು ನಿರ್ಮಿಸಿದನೆಂಬುದು ಪ್ರಸಿದ್ಧ ಸಂಗತಿ. 1850ರಲ್ಲಿ ಹಿರಿಯ ಮಗ ಥಿಯೋಡೋರನನ್ನು ಜರ್ಮನಿಯಲ್ಲಿಯೇ ಬಿಟ್ಟು, ಉಳಿದ ಕುಟುಂಬದೊಡನೆ ಹಡಗನ್ನೇರಿ ನ್ಯೂಯಾರ್ಕ್ ಸೇರಿದ. ತಂದೆಯೂ ಮಕ್ಕಳೂ ಕೆಲಕಾಲ ಇತರರ ಕಾರ್ಖಾನೆಗಳಲ್ಲಿ ಕೂಲಿಗೆ ದುಡಿದು, ಅಲ್ಲಿನ ಪದ್ಧತಿಗಳನ್ನು ಅರಿತುಕೊಂಡ ಬಳಿಕ 1853ರ ಮಾರ್ಚ್ 5ರಂದು ಸ್ವಂತ ಕಂಪನಿಯನ್ನು ಆರಂಭಿಸಿದರು. ಹೆಸರನ್ನು ಅಮೆರಿಕದ ನಾಲಿಗೆಗೆ ಒಗ್ಗುವಂತೆ 'ಸ್ಟೈನ್‌ವೇ ಅಂಡ್ ಸನ್ಸ್' ಎಂದು ಮಾಡಿಕೊಂಡರು. ಅಲ್ಲಿ ಮಾರಾಟವಾದ ಅವರ ಮೊದಲ ಪಿಯಾನೋದ ಸಂಖ್ಯೆ 483. ಬೆಲೆ 500 ಡಾಲರ್. ಹಿಂದಿನ 482 ವಾದ್ಯಗಳು ಜರ್ಮನಿಯಲ್ಲಿ ತಯಾರಾದವು. ವಲಸೆ ಬಂದವನು ಹಳೆಯ ಲೆಕ್ಕವನ್ನು ಅಳಿಸದೆ ಮುಂದುವರಿಸಿದ ಈ ಕ್ರಮ ನನಗೆ ಬಹಳ ಹಿಡಿಸಿತು.

ನಮ್ಮ ಕಥಾನಾಯಕ ಈ ಹೈನ್ರಿಖನ ಮಗ ವಿಲಿಯಂ. 1835ರಲ್ಲಿ ಹುಟ್ಟಿದ ಈತ ಅಮೆರಿಕೆಗೆ ಬಂದಾಗ ಹದಿನೈದು ವರ್ಷದ ಹುಡುಗ. ವಾದ್ಯಶಿಲ್ಪದಲ್ಲಿ ಪ್ರತಿಭೆಯಿದ್ದದ್ದು ಅಣ್ಣಂದಿರಿಗೆ. 1859ರಲ್ಲಿ ತಂತಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸಿ ಕಟ್ಟುವ ವಿಧಾನಕ್ಕೆ ಗ್ರ್ಯಾಂಡ್ ಪಿಯಾನೋದಲ್ಲಿ ಹಕ್ಕುಪತ್ರ ಪಡೆದವನು ಅಣ್ಣ ಹೆನ್ರಿ. ವಿಲಿಯಂನದು ಜನರನ್ನು ಅರಿಯುವ ಬುದ್ಧಿ. 1865ರಲ್ಲಿ ಹೆನ್ರಿ, ಚಾರ್ಲ್ಸ್ ಎಂಬಿಬ್ಬರು ಅಣ್ಣಂದಿರು ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡಾಗ, ಥಿಯೋಡೋರ್ ಜರ್ಮನಿಯಿಂದ ಬಂದು ತಯಾರಿಕೆಯ ಹೊಣೆ ಹೊತ್ತ. ವ್ಯವಹಾರದ ಭಾರವೆಲ್ಲ ವಿಲಿಯಂನ ಹೆಗಲಿಗೆ ಬಿತ್ತು. ಮರುವರ್ಷವೇ, ಅಂದರೆ 1866ರಲ್ಲಿ, ನ್ಯೂಯಾರ್ಕಿನ 14ನೆಯ ಬೀದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೂರಬಹುದಾದ ಸ್ಟೈನ್‌ವೇ ಹಾಲ್ ಎದ್ದು ನಿಂತಿತು. 1867-68ರಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಕೃತಿಗಳನ್ನು ಜನರ ಮುಂದೆ ಓದಿದ್ದು ಇಲ್ಲಿಯೇ. ಸಂಗೀತ ಕೇಳಲು ಬಂದವರು ಪಿಯಾನೋ ಮಳಿಗೆಯನ್ನು ಹಾದೇ ಸಭಾಂಗಣಕ್ಕೆ ಹೋಗಬೇಕಿತ್ತು ಎಂಬುದನ್ನು ಗಮನಿಸಬೇಕು. ಆದರೂ ನಗರಕ್ಕೆ ಒಂದು ಒಳ್ಳೆಯ ಸಂಗೀತಶಾಲೆ ದೊರೆತದ್ದು ಸುಳ್ಳಲ್ಲ.

ಇನ್ನು ಊರಿನ ವಿಷಯ. ನ್ಯೂಯಾರ್ಕಿನ ಪೂರ್ವನದಿಯ ಆಚೆ ದಡದಲ್ಲಿ ಅಸ್ಟೋರಿಯಾ ಎಂಬ ಪ್ರದೇಶವಿದೆ. ಇಂದು ಅದು ಕ್ವೀನ್ಸ್ ವಿಭಾಗದ ಒಂದು ಭಾಗ. ಆಗ ಹೊಲ, ಜೌಗು, ಕೆಲವು ಶ್ರೀಮಂತರ ಬೇಸಿಗೆ ಮನೆಗಳಿದ್ದ ನದೀತೀರ. 1870ರಿಂದ ಆರಂಭಿಸಿ ಸ್ಟೈನ್‌ವೇ ಕುಟುಂಬ ಇಲ್ಲಿ ಸುಮಾರು 400 ಎಕರೆ ಜಮೀನನ್ನು ಖರೀದಿಸಿತು. ಮರದ ದಿಮ್ಮಿಗಳನ್ನು ನೀರಿನ ಮೂಲಕವೇ ತರಿಸಿ ಶೇಖರಿಸಲು ಜಾಗ ದೊರೆಯಿತು. ಮರ ಕೊಯ್ಯುವ ಗಿರಣಿ ಬಂತು, ಪಿಯಾನೋದೊಳಗಿನ ಕಬ್ಬಿಣದ ಚೌಕಟ್ಟನ್ನು ಎರಕ ಹೊಯ್ಯುವ ಕುಲುಮೆ ಬಂತು. ಕಾರ್ಖಾನೆಯ ಸುತ್ತ ಕೆಲಸಗಾರರಿಗಾಗಿ ಇಟ್ಟಿಗೆಯ ಸಾಲುಮನೆಗಳು ಎದ್ದವು. ಕೆಲವನ್ನು ಬಾಡಿಗೆಗೆ ಕೊಟ್ಟರು, ಕೆಲವನ್ನು ಮಾರಿದರು. ಬೀದಿಗಳಿಗೆ ಮನೆಯವರ ಹೆಸರುಗಳನ್ನಿಟ್ಟರು. ಈ ಊರಿಗೆ 'ಸ್ಟೈನ್‌ವೇ ವಿಲೇಜ್' ಎಂಬ ಹೆಸರಾಯಿತು.

ಮನೆಗಳಿಗಷ್ಟೇ ವಿಲಿಯಂ ನಿಲ್ಲಲಿಲ್ಲ. ಊರಿಗೆ ಅಂಚೆ ಕಚೇರಿ, ಸ್ವಯಂಸೇವಕರ ಅಗ್ನಿಶಾಮಕ ದಳ, ಸಾರ್ವಜನಿಕ ಸ್ನಾನಗೃಹ, ಉದ್ಯಾನ, ಚರ್ಚು ಇವೆಲ್ಲ ಕಂಪನಿಯ ಅಥವಾ ಅವನ ನೆರವಿನಿಂದ ಬಂದವು. ಶಿಕ್ಷಕನಾದ ನನ್ನ ಕಣ್ಣು ಸಹಜವಾಗಿ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ. ಮೊದಲನೆಯದು, ಕೆಲಸಗಾರರ ಮಕ್ಕಳಿಗಾಗಿ ಸ್ಥಾಪಿಸಿದ ಉಚಿತ ಶಿಶುವಿಹಾರ. ಶಿಶುವಿಹಾರವೆಂಬ ಕಲ್ಪನೆಯೇ ಜರ್ಮನಿಯ ಫ್ರೋಬೆಲ್‌ನದು. ಅಮೆರಿಕದಲ್ಲಿ ಅದಿನ್ನೂ ಹೊಸದು. ಹತ್ತಿರದ ಕಾಲೇಜ್ ಪಾಯಿಂಟಿನಲ್ಲಿ ಇನ್ನೊಬ್ಬ ಜರ್ಮನ್ ಉದ್ಯಮಿ, ರಬ್ಬರ್ ಕಾರ್ಖಾನೆಯ ಕಾನ್ರಾಡ್ ಪೊಪೆನ್‌ಹೂಸೆನ್, 1870ರಲ್ಲಿ ಇಂಥದನ್ನು ಆರಂಭಿಸಿದ್ದ. ಎರಡನೆಯದು, ಊರಿನ ಸಾರ್ವಜನಿಕ ಶಾಲೆಯಲ್ಲಿ ಸಂಗೀತ ಮತ್ತು ಜರ್ಮನ್ ಭಾಷೆಯ ಬೋಧನೆಗೆ ವಿಲಿಯಂ ನೀಡಿದ ಧನಸಹಾಯ. ಮೂರನೆಯದು, ತನ್ನ ಸ್ವಂತ ಪುಸ್ತಕಗಳನ್ನಿತ್ತು ಆರಂಭಿಸಿದ ಗ್ರಂಥಾಲಯ.

ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಇದು ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣವಾಗುತ್ತಿತ್ತೇ ಹೊರತು ಚರಿತ್ರೆಯಾಗುತ್ತಿರಲಿಲ್ಲ. ದಾನಿಗಳ ಹೆಸರುಗಳನ್ನು ಓದುವವನು ಸಭೆಯಲ್ಲಿ ಪ್ರಶ್ನೆ ಕೇಳುವುದಿಲ್ಲ. ಚರಿತ್ರೆ ಓದುವವನು ಕೇಳಲೇಬೇಕು. ಕಂಪನಿ ನಗರವನ್ನು ಬಿಟ್ಟು ನದಿಯಾಚೆಗೆ ಹೋದದ್ದೇಕೆ?

ಇದಕ್ಕೆ ವಿಲಿಯಂ ತಾನೇ ಮುಚ್ಚುಮರೆಯಿಲ್ಲದೆ ಉತ್ತರಿಸಿದ್ದಾನೆ. ನಗರದಲ್ಲಿ ಜಾಗದ ಇಕ್ಕಟ್ಟು ಒಂದು ಕಾರಣ. ಸಮಾಜವಾದಿಗಳೂ ಅರಾಜಕತಾವಾದಿಗಳೂ ಕೆಲಸಗಾರರಲ್ಲಿ ಅಸಮಾಧಾನವನ್ನು ಬಿತ್ತಿ ಮುಷ್ಕರಕ್ಕೆ ಪ್ರಚೋದಿಸುತ್ತಿದ್ದಾರೆ, ಅವರಿಂದ ತನ್ನ ಜನರನ್ನು ದೂರವಿಡಬೇಕು ಎಂಬುದು ಇನ್ನೊಂದು ಕಾರಣ. ಅಂದರೆ ಸ್ವಂತ ಮನೆ, ಶುದ್ಧ ಗಾಳಿ, ಮಕ್ಕಳಿಗೆ ಶಾಲೆ ಇದ್ದರೆ ಕೆಲಸಗಾರ ಸಂಘದ ಸಭೆಗೆ ಹೋಗಲಾರ ಎಂಬ ಲೆಕ್ಕಾಚಾರ ಆ ಇಟ್ಟಿಗೆ ಗೋಡೆಗಳ ಅಡಿಪಾಯದಲ್ಲಿತ್ತು. ನಗರದ ಗಲಭೆಯ ಭಯವೂ ಅವರಿಗೆ ಹೊಸದಲ್ಲ. ಅಂತರ್ಯುದ್ಧದ ನಡುವೆ, 1863ರ ಜುಲೈಯಲ್ಲಿ, ಕಡ್ಡಾಯ ಸೈನ್ಯ ಸೇರ್ಪಡೆಯ ವಿರುದ್ಧ ನ್ಯೂಯಾರ್ಕಿನಲ್ಲಿ ದಂಗೆಯೆದ್ದಾಗ ಗುಂಪೊಂದು ಅವರ ಕಾರ್ಖಾನೆಯ ಬಾಗಿಲಿಗೇ ಬಂದಿತ್ತು.

1872ರಲ್ಲಿ ಪರೀಕ್ಷೆಯ ಕಾಲ ಬಂದಿತು. ಆ ವರ್ಷದ ಬೇಸಿಗೆಯಲ್ಲಿ ನ್ಯೂಯಾರ್ಕಿನ ನಾನಾ ಕಸುಬಿನ ಕೆಲಸಗಾರರು ದಿನಕ್ಕೆ ಎಂಟೇ ಗಂಟೆಯ ದುಡಿಮೆ ಬೇಕೆಂದು ಮುಷ್ಕರ ಹೂಡಿದರು. ಪಿಯಾನೋ ಕೆಲಸಗಾರರೂ ಸೇರಿದರು; ಸ್ಟೈನ್‌ವೇ ಕಾರ್ಖಾನೆ ಹೋರಾಟದ ಕೇಂದ್ರಗಳಲ್ಲಿ ಒಂದಾಯಿತು. ವಿಲಿಯಂ ಕೂಲಿಯನ್ನು ಶೇಕಡಾ 10ರಷ್ಟು ಏರಿಸಲು ಒಪ್ಪಿದ; ಹತ್ತು ಗಂಟೆಯ ದಿನವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕಾರ್ಖಾನೆಗೆ ಪೊಲೀಸರ ಕಾವಲು ಬಂತು, ಲಾಠಿಗಳೂ ಬೀಸಿದವು. ಕೊನೆಗೆ ಕೆಲಸಗಾರರು ಹತ್ತು ಗಂಟೆಯ ದಿನಕ್ಕೇ ಮರಳಿದರು. ಹಣ ಕೊಡಲು ಸಿದ್ಧನಿದ್ದವನು ಎರಡು ಗಂಟೆಯ ಸಮಯವನ್ನು ಕೊಡಲು ಸಿದ್ಧನಿರಲಿಲ್ಲ ಎಂಬುದು ಇಲ್ಲಿಯ ಸೂಕ್ಷ್ಮ. ಮುಂದೆ ಊರು ಬೆಳೆದ ಮೇಲೆಯೂ, 1880ರ ದಶಕದಲ್ಲಿ, ಮುಷ್ಕರಗಳು ನಡೆದೇ ನಡೆದವು. ಗ್ರಂಥಾಲಯ, ಶಿಶುವಿಹಾರಗಳಿಂದ ಕೆಲಸಗಾರನ ಬಾಯಿ ಕಟ್ಟಬಹುದೆಂಬ ಎಣಿಕೆ ಫಲಿಸಲಿಲ್ಲ.

ಹಾಗಾದರೆ ಕೊಟ್ಟದ್ದೆಲ್ಲ ಕಪಟವೇ? ಆತುರದ ತೀರ್ಪು ಬೇಡ. ಹೋಲಿಕೆಗಾಗಿ ಅದೇ ಕಾಲದ ಇನ್ನೊಂದು ಊರನ್ನು ನೋಡೋಣ. ರೈಲುಗಾಡಿಗಳ ಮಲಗುವ ಬೋಗಿಗಳನ್ನು ತಯಾರಿಸುತ್ತಿದ್ದ ಜಾರ್ಜ್ ಪುಲ್‌ಮನ್ 1880ರ ದಶಕದಲ್ಲಿ ಷಿಕಾಗೋ ಬಳಿ ತನ್ನ ಹೆಸರಿನಲ್ಲೇ ಒಂದು ಊರನ್ನು ಕಟ್ಟಿಸಿದ. ಮನೆಗಳು ಸುಂದರವಾಗಿದ್ದವು, ಆದರೆ ಒಂದನ್ನೂ ಕೆಲಸಗಾರನಿಗೆ ಮಾರುವಂತಿರಲಿಲ್ಲ. ಆರ್ಥಿಕ ಮುಗ್ಗಟ್ಟು ಬಂದಾಗ ಕಂಪನಿ ಕೂಲಿಯನ್ನು ಕಡಿತಗೊಳಿಸಿತು, ಮನೆಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಪರಿಣಾಮವಾಗಿ 1894ರ ಪ್ರಚಂಡ ಮುಷ್ಕರ ನಡೆದು, ಸರಕಾರ ಸೈನ್ಯವನ್ನೇ ಕಳುಹಿಸಬೇಕಾಯಿತು. 1898ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಕಾರ್ಖಾನೆಗೆ ಬೇಕಾಗದ ಆಸ್ತಿಯನ್ನು ಕಂಪನಿ ಬಿಟ್ಟುಕೊಡಬೇಕೆಂದು ಆದೇಶಿಸಿತು. ಪುಲ್‌ಮನ್‌ನ ಊರಿನಲ್ಲಿ ಎಲ್ಲವೂ ಒಡೆಯನದೇ. ಸ್ಟೈನ್‌ವೇ ಊರಿನಲ್ಲಿ ಹಲವರು ಮನೆಗಳನ್ನು ಕೊಂಡು ತಾವೇ ಒಡೆಯರಾದರು. ಶಾಲೆ ಸಾರ್ವಜನಿಕರದು, ಹಣದ ನೆರವು ಮಾತ್ರ ಕಂಪನಿಯದು. ಇವೆರಡರ ನಡುವಣ ಅಂತರ ಚಿಕ್ಕದಲ್ಲ.

ಈ ಅಂತರ ನನಗೆ ಸ್ಪಷ್ಟವಾಗಿ ಹೊಳೆಯುವುದಕ್ಕೆ ನನ್ನ ವೃತ್ತಿಜೀವನದ ಒಂದು ಅನುಭವ ಕಾರಣ. ನಾನು ಕೆಲಸ ಮಾಡಿದ ಹಳ್ಳಿಯ ಶಾಲೆಯೊಂದಕ್ಕೆ ದಾನಿಯೊಬ್ಬರು ಹಾರ್ಮೋನಿಯಂ ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ಅವರ ಹೆಸರಿನ ಹಿತ್ತಾಳೆ ತಗಡು. ಬೀಗದ ಕೀಲಿಕೈ ಅವರ ಮನೆಯಲ್ಲಿ. ಸ್ವಾತಂತ್ರ್ಯ ದಿನದಂದು ಅವರು ಬಂದಾಗ ಪೆಟ್ಟಿಗೆ ತೆರೆಯುತ್ತಿತ್ತು, ಪ್ರಾರ್ಥನೆ ಮುಗಿದ ಮೇಲೆ ಮುಚ್ಚುತ್ತಿತ್ತು. ಮಕ್ಕಳು ಅದರ ಮನೆಗಳನ್ನು ಮುಟ್ಟಿ ನೋಡುವ ಭಾಗ್ಯವನ್ನೂ ಕಾಣಲಿಲ್ಲ. ಕೆಲವು ವರ್ಷಗಳಲ್ಲಿ ತಿದಿಯನ್ನು ಇಲಿ ಕಡಿದು, ವಾದ್ಯ ಮೂಕವಾಯಿತು. ಆ ದಾನಿಯ ಮನಸ್ಸು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಕೊಟ್ಟ ವಸ್ತುವಿನ ಕೀಲಿಕೈ ಕೊಟ್ಟವನ ಬಳಿಯೇ ಉಳಿದರೆ ಕೊಟ್ಟಂತೆ ಆಗುವುದಿಲ್ಲ. ನಮ್ಮ ಹಿರಿಯರು ದಾನ ಕೊಡುವಾಗ ನೀರನ್ನು ಬಿಟ್ಟು ಧಾರೆಯೆರೆದು 'ನ ಮಮ' ಎನ್ನುತ್ತಿದ್ದುದು ಬರಿಯ ಆಚಾರವಲ್ಲ. 'ಇದು ಇನ್ನು ನನ್ನದಲ್ಲ' ಎಂಬ ಆ ಮಾತೇ ದಾನದ ಜೀವ.

ಪುನಃ ವಿಲಿಯಂನ ಕಡೆಗೆ. ಈತನ ಉಳಿದ ಸಾಹಸಗಳನ್ನು ನೋಡಿದರೆ, ಯಾವುದು ಲಾಭಕ್ಕೆ, ಯಾವುದು ಲೋಕಕ್ಕೆ ಎಂದು ಬೇರ್ಪಡಿಸುವುದು ಅವನಿಗೇ ಕಷ್ಟವಾಗಿತ್ತೇನೋ ಎನಿಸುತ್ತದೆ. ಊರಿಗೆ ಟ್ರಾಂಗಾಡಿಗಳನ್ನು ತಂದ. ಅವು ಜನರಿಗೆ ಅನುಕೂಲ, ಅವನ ನಿವೇಶನಗಳಿಗೆ ಬೆಲೆ. 1886ರಲ್ಲಿ ಬಿಯರ್ ಉದ್ಯಮಿ ಜಾರ್ಜ್ ಎರೆಟ್‌ನೊಡನೆ ಸೇರಿ ಸಮೀಪದ ಕೊಲ್ಲಿಯ ದಡದಲ್ಲಿ ವಿಹಾರಸ್ಥಾನವೊಂದನ್ನು ತೆರೆದ. ಕೆಲಸಗಾರರ ಕುಟುಂಬಗಳಿಗೆ ಭಾನುವಾರದ ಸಂತೋಷ, ಟ್ರಾಂಗೆ ಪ್ರಯಾಣಿಕರು. ಪೂರ್ವನದಿಯ ಅಡಿಯಲ್ಲಿ ಸುರಂಗವನ್ನು ಕೊರೆದು ಕ್ವೀನ್ಸನ್ನೂ ಮ್ಯಾನ್‌ಹ್ಯಾಟನ್ನನ್ನೂ ಜೋಡಿಸುವ ಯೋಜನೆಗೆ ಹಣ ತೊಡಗಿಸಿದ. 1892ರಲ್ಲಿ ಕೆಲಸ ಆರಂಭವಾಯಿತು. ಅದೇ ವರ್ಷದ ಡಿಸೆಂಬರ್ 28ರಂದು ಡೈನಮೈಟ್ ಸಿಡಿದು ಐವರು ಮೃತಪಟ್ಟರು, ಕೆಲಸ ನಿಂತಿತು. ಸಂಗೀತಗಾರರಿಗೂ ಅವನ ಕೈ ಉದಾರವಾಗಿತ್ತು. ಥಿಯೋಡೋರ್ ಥಾಮಸ್‌ನ ವಾದ್ಯಮೇಳಕ್ಕೆ ನೆರವಾದ. ಪೋಲೆಂಡಿನ ಪಿಯಾನೋ ವಾದಕ ಪಾಡೆರೆವ್‌ಸ್ಕಿಯ 1891-92ರ ಮೊದಲ ಅಮೆರಿಕ ಪ್ರವಾಸವನ್ನು ಕಂಪನಿಯೇ ಏರ್ಪಡಿಸಿತು. ಆ ಕಲಾವಿದ 1896ರಲ್ಲಿ ಅಮೆರಿಕದ ಸಂಗೀತ ರಚನಕಾರರಿಗೆ ಬಹುಮಾನ ನೀಡಲು 10,000 ಡಾಲರ್ ನಿಧಿಯನ್ನಿಟ್ಟಾಗ ಅದನ್ನು ನೋಡಿಕೊಳ್ಳುವವರಲ್ಲಿ ವಿಲಿಯಂನನ್ನೂ ಒಬ್ಬನನ್ನಾಗಿಸಿದ. ಹುಟ್ಟಿದ ಪಟ್ಟಣ ಸೇಸೆನ್ನನ್ನೂ ವಿಲಿಯಂ ಮರೆಯಲಿಲ್ಲ. ಅಲ್ಲಿನ ಉದ್ಯಾನವೊಂದು ಇಂದಿಗೂ ಸ್ಟೈನ್‌ವೇ ಹೆಸರಿನಲ್ಲಿದೆ.

1896ರ ನವೆಂಬರ್ 30ರಂದು, ಅರವತ್ತೊಂದರ ವಯಸ್ಸಿನಲ್ಲಿ, ವಿಷಮಶೀತ ಜ್ವರದಿಂದ ವಿಲಿಯಂ ತೀರಿಕೊಂಡ. ಆಮೇಲೆ ಲೆಕ್ಕ ನೋಡಿದರೆ, ಪಿಯಾನೋದಲ್ಲಿ ಗಳಿಸಿದ್ದು ಜಮೀನು, ರೈಲು, ಸುರಂಗಗಳಲ್ಲಿ ಕರಗಿ ಆಸ್ತಿಯ ಮೇಲೆ ಭಾರಿ ಸಾಲ ಉಳಿದಿತ್ತು. ಅದನ್ನು ಇತ್ಯರ್ಥಗೊಳಿಸಲು ವರ್ಷಗಳೇ ಹಿಡಿದವು. ಊರು ಕಟ್ಟಿ ಶ್ರೀಮಂತನಾದನೆಂದು ಅವನನ್ನು ದೂಷಿಸಲು ಸಾಧ್ಯವಿಲ್ಲ. ಊರು ಅವನನ್ನು ಬಡವನನ್ನಾಗಿಸಿತು.

ಆ ನಂತರದ ಪೀಳಿಗೆಯ ಕೊಡುಗೆಗಳು ಬೇರೆ ಬಗೆಯವು. 1903ರಲ್ಲಿ ಕಂಪನಿ ತನ್ನ 1,00,000ನೆಯ ಪಿಯಾನೋವನ್ನು ಶ್ವೇತಭವನಕ್ಕೆ ಅರ್ಪಿಸಿತು. 1938ರಲ್ಲಿ 3,00,000ನೆಯದನ್ನು ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಕೊಟ್ಟಿತು. ಅದರ ಕಾಲುಗಳು ಹದ್ದಿನ ಆಕಾರದಲ್ಲಿ ಕೆತ್ತಲ್ಪಟ್ಟಿವೆ. ಇವು ಭವ್ಯವಾದ ಕಾಣಿಕೆಗಳೇ, ಸಂದೇಹವಿಲ್ಲ. ಆದರೆ ಅರಮನೆಗೆ ಕೊಟ್ಟ ಪಿಯಾನೋ ಪತ್ರಿಕೆಗಳಲ್ಲಿ ಬರುತ್ತದೆ. ಮರಗೆಲಸದವನ ಮಗಳಿಗೆ ಕೊಟ್ಟ ಓದುವ ಪುಸ್ತಕ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನನ್ನ ವಿದ್ಯಾರ್ಥಿ ಕೇಳಿದ 'ದಾನವೋ, ಜಾಹೀರಾತೋ' ಎಂಬುದಕ್ಕೆ ಈ ಎರಡರ ನಡುವೆ ಒಂದು ಸುಳಿವಿದೆ.

ಈಗ ಅಲ್ಲಿ ಏನುಳಿದಿದೆ ಎಂದು ನೋಡೋಣ. ಕಂಪನಿ ಕುಟುಂಬದ ಕೈಬಿಟ್ಟು ಬಹಳ ಕಾಲವಾಯಿತು. 1972ರಲ್ಲಿ ಅದು ಸಿಬಿಎಸ್ ಸಂಸ್ಥೆಗೆ ಮಾರಾಟವಾಯಿತು. ಆ ಬಳಿಕವೂ ಒಡೆತನ ಹಲವು ಸಲ ಬದಲಾಗಿ, 2013ರಲ್ಲಿ ಜಾನ್ ಪಾಲ್‌ಸನ್ ಎಂಬ ಹೂಡಿಕೆದಾರರ ಸಂಸ್ಥೆಯ ಪಾಲಾಯಿತು. ಅಸ್ಟೋರಿಯಾದ ಕಾರ್ಖಾನೆಯಲ್ಲಿ ಪಿಯಾನೋಗಳು ತಯಾರಾಗುತ್ತಲೇ ಇವೆ. ಕೆಲವು ಸಾಲುಮನೆಗಳು ನಿಂತಿವೆ. ಅವುಗಳಲ್ಲಿ ವಾಸಿಸುವವರಿಗೂ ಕಾರ್ಖಾನೆಗೂ ಈಗ ಒಡೆಯ-ಆಳುಗಳ ನಂಟಿಲ್ಲ. ವಿಹಾರಸ್ಥಾನ ಅಳಿದು, ಅದರ ನೆಲದಲ್ಲಿ 1939ರಲ್ಲಿ ಲಗ್ವಾರ್ಡಿಯಾ ವಿಮಾನ ನಿಲ್ದಾಣ ತೆರೆಯಿತು. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮವರು ಎಷ್ಟೋ ಮಂದಿ ಆ ನೆಲದ ಮೇಲೆ ಇಳಿದು ಹತ್ತಿರುತ್ತಾರೆ. ಅರ್ಧಕ್ಕೆ ನಿಂತ ಸುರಂಗವನ್ನು ಆಗಸ್ಟ್ ಬೆಲ್ಮಾಂಟ್ ಎಂಬಾತ 1907ರಲ್ಲಿ ಪೂರ್ಣಗೊಳಿಸಿದ. 1915ರಿಂದ ಅದರಲ್ಲಿ ಸಬ್‌ವೇ ರೈಲುಗಳು ಓಡುತ್ತಿವೆ. ಜನರ ಬಾಯಲ್ಲಿ ಅದು ಸ್ಟೈನ್‌ವೇ ಸುರಂಗವೇ. ವಿಲಿಯಂನ ಪುಸ್ತಕಗಳಿಂದ ಆರಂಭವಾದ ಗ್ರಂಥಾಲಯ ಕ್ವೀನ್ಸ್ ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆಯಾಗಿ ಮುಂದುವರಿದಿದೆ. ಅಂದಿನ ಜರ್ಮನ್ ಕೆಲಸಗಾರರ ಜಾಗದಲ್ಲಿ ಗ್ರೀಕರು, ಅರಬರು, ಬಂಗಾಳಿಗಳು, ಇನ್ನೂ ಎಲ್ಲೆಲ್ಲಿಯವರೋ ನೆಲೆಸಿದ್ದಾರೆ. ಅವರ ಮಕ್ಕಳು ಆ ಬಾಗಿಲನ್ನು ತಳ್ಳಿ ಒಳಗೆ ಹೋಗುತ್ತಾರೆ.

ವಿಲಿಯಂ 1861ರಿಂದ ಸಾಯುವ ತಿಂಗಳವರೆಗೆ ದಿನಚರಿ ಬರೆದಿಟ್ಟಿದ್ದ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯ 2010ರಲ್ಲಿ ಅದನ್ನು ಎಲ್ಲರೂ ಓದಲು ಬಿಡುಗಡೆ ಮಾಡಿತು. ಅದರಲ್ಲಿ ಮುಷ್ಕರಗಾರರ ಮೇಲಿನ ಸಿಟ್ಟೂ ಇದೆ, ಸಂಗೀತದ ಸಂಭ್ರಮವೂ ಇದೆ, ಕುಟುಂಬದ ನೋವೂ ಇದೆ. ತನ್ನ ಕುಂದನ್ನೂ ಒಳಗೊಂಡ ದಾಖಲೆಯನ್ನು ಬಿಟ್ಟುಹೋಗುವುದೂ ಮುಂದಿನವರಿಗೆ ಕೊಡುವ ಒಂದು ಕಾಣಿಕೆಯೆಂದು ಚರಿತ್ರೆಯ ಮೇಷ್ಟ್ರಾದ ನಾನು ಭಾವಿಸುತ್ತೇನೆ.

ಈಗ ನನ್ನ ವಿದ್ಯಾರ್ಥಿಗೆ ಉತ್ತರ. ಅಪ್ಪಾ, ಕೊಡುವವನ ಎದೆಯನ್ನು ಬಗೆದು ನೋಡುವ ಯಂತ್ರ ನಮ್ಮಲ್ಲಿಲ್ಲ. ಸ್ವಾರ್ಥದ ಲವಲೇಶವೂ ಇಲ್ಲದ ದಾನವನ್ನೇ ಹುಡುಕುತ್ತ ಹೊರಟರೆ ಯಾವ ಶಾಲೆಗೂ ಹಂಚು ಹೊದಿಸಲಾಗದು. ಆದರೆ ಮೂರು ಪ್ರಶ್ನೆಗಳನ್ನು ಕೇಳಬಹುದು. ಕೊಟ್ಟ ಮೇಲೆ ಅದರ ಒಡೆತನ ಯಾರದು? ಪಡೆದವನು ಕೊಟ್ಟವನಿಗೆ ಎದುರಾಡಿದರೂ ಅದು ಅವನ ಬಳಿ ಉಳಿಯುವುದೇ? ಕೊಟ್ಟವನು ಮುಳುಗಿಹೋದರೂ ಅದು ನಡೆಯುವುದೇ? ಸ್ಟೈನ್‌ವೇ ಗ್ರಂಥಾಲಯ ಈ ಮೂರನ್ನೂ ದಾಟಿದೆ. ನ್ಯಾಯವಾಗಿ ಸಲ್ಲಬೇಕಾದ ಎಂಟು ಗಂಟೆಯ ದಿನದ ಬದಲಿಗೆ ಕೊಟ್ಟದ್ದೆಂದು ನೋಡಿದರೆ ಅದೇ ಗ್ರಂಥಾಲಯ ಸಣ್ಣದಾಗಿ ಕಾಣುತ್ತದೆ. ಎರಡೂ ನಿಜ. ದಾನ ನ್ಯಾಯದ ಬದಲಿಗೆ ಬರಬಾರದು, ನ್ಯಾಯದ ಜೊತೆಗೆ ಬರಬೇಕು.

ನಿನ್ನ ಪಟ್ಟಿಯಲ್ಲಿ ಯಾವುದಾದರೂ ಹಳ್ಳಿಶಾಲೆಯಿದ್ದರೆ, ಅಲ್ಲಿಯ ಮಕ್ಕಳಿಗೆ ಏನು ಬೇಕೆಂದು ಮೊದಲು ಅವರನ್ನೇ ಕೇಳು. ಪುಸ್ತಕವೆಂದರೆ ಪುಸ್ತಕ, ತಬಲವೆಂದರೆ ತಬಲ. ಕೊಟ್ಟ ಮೇಲೆ ಹಿಂದಿರುಗಿ ನೋಡದೆ ಬಾ. ಹತ್ತು ವರ್ಷದ ಬಳಿಕ ಒಮ್ಮೆ ಹೋಗಿ, ಯಾರಿಗೂ ಹೇಳದೆ, ಹೊರಗೆ ನಿಂತು ಕೇಳು. ಒಳಗಿನಿಂದ ಸದ್ದು ಬರುತ್ತಿದ್ದರೆ ನಿನ್ನ ಕಂಪನಿಯ ಹಣ ಸಾರ್ಥಕವಾಯಿತೆಂದು ತಿಳಿ.